ಮಿಡತೆಗೆ ಬರೆದ ದೂರು

ಬೆಳಕು ಹರಿಯುವುದರೊಳಗೆ ಅವಳು ನೀರು ತುಂಬಿಸಿ, ಹಾಲು ಕಾಯಿಸಿ, ನಾಲ್ಕು ಡಬ್ಬಿಗೆ ಊಟ ಹಾಕಿ, ಮಾವನ ಮಾತ್ರೆಗಳನ್ನು ಹೊತ್ತಿಗಿಷ್ಟೆಂದು ಬೇರೆ ಮಾಡಿ, ಮಗಳ ಸಮವಸ್ತ್ರದ ಬಿಚ್ಚಿದ ಅಂಚು ಹೊಲಿದು, ಗಂಡನ ಅಂಗಿಗೆ ಇಸ್ತ್ರಿ ಮಾಡಿ, ತೊಳೆದ ಪಾತ್ರೆಗಳನ್ನು ಸದ್ದಾಗದಂತೆ ಜೋಡಿಸಿದ್ದಳು. ಸದ್ದಾದರೆ ಅತ್ತೆ ಏಳುತ್ತಾರೆ; ಅತ್ತೆ ಎದ್ದರೆ ಇನ್ನೊಂದು ಲೋಟ ಕಾಫಿ, ಅದರ ಹಿಂದೆ ಹತ್ತು ಪ್ರಶ್ನೆ. ಎಲ್ಲ ಮುಗಿಸಿ ಒಲೆಯ ಪಕ್ಕ ನಿಂತೇ ಫೋನ್ ತೆಗೆದಳು. ತಾನು ನೋಡಿಕೊಳ್ಳುವ ಗ್ರಂಥಾಲಯದ ಮೂವತ್ತೊಂದು ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ರಾತ್ರಿ ತಾವಾಗಿಯೇ ಹಾಕಿಕೊಳ್ಳುವಂತೆ ಹಿಂದಿನ ಸಂಜೆ ಹೊಂದಿಸಿ ಬಂದಿದ್ದಳು. ಎಲ್ಲವೂ ಹಾಕಿಕೊಂಡಿದ್ದವು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. "ಎದ್ದ ತಕ್ಷಣ ಫೋನಾ? ನಮ್ಮ ಕಾಲದಲ್ಲಿ ಎದ್ದ ತಕ್ಷಣ ಕೆಲಸ ಇರ್ತಿತ್ತು, ತಾಯಿ."

ಅವಳು ತನ್ನ ಡಬ್ಬಿಯನ್ನು ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದಳು. ಬಾಯಿ ತೆರೆದರೆ ಬಸ್ಸು ತಪ್ಪುತ್ತಿತ್ತು.

ಗ್ರಂಥಾಲಯದಲ್ಲಿ ಅವಳಿಗೆ ಡಾಕ್ಟರಮ್ಮ ಎಂದು ಹೆಸರು. ಯಂತ್ರಗಳ ಡಾಕ್ಟರು. ಒಳಗೆ ಕಾಲಿಟ್ಟದ್ದೇ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವ ಅಕ್ಕ ಎದುರಾದಳು.

"ನಿಮ್ಮ ರೋಗಿ, ಅದೇ ಚೀಟಿ ಪ್ರೋಗ್ರಾಂ, ಕಣ್ಣು ಬಿಟ್ಟ, ಮುಚ್ಚಿದ. ಅಷ್ಟೇ. ಹೊಸ ಅತ್ತೆ ಮನೆಗೆ ಬಂದ್ಲು, ಹಳೇ ಸೊಸೆ ಮೂಲೆ ಸೇರಿದ್ಲು."

"ಮನೆಗೆ ಬರೋದು ಸೊಸೆ ಅಕ್ಕಾ, ಅತ್ತೆ ಅಲ್ಲ. ಗಾದೆ ಕಟ್ಟೋದಾದ್ರೆ ಸರಿಯಾಗಿ ಕಟ್ಟು."

"ಗಾದೆ ಹಾಳಾಗ್ಲಿ. ಹೋದ ಸಲದ ಹಾಗೆ ಮೂರು ವಾರ ಕೈಯಲ್ಲಿ ಬರಿ ಅಂದ್ರೆ ಮಾತ್ರ ನನ್ನ ಕೈಲಾಗಲ್ಲ. ಬೆರಳು ಇನ್ನೂ ನೋಯುತ್ತೆ."

ಚೀಟಿ ಮುದ್ರಿಸುವ ಆ ಚಿಕ್ಕ ಪ್ರೋಗ್ರಾಂ ಸಿಸ್ಟಂ ಜೊತೆಗೆ ಬಂದದ್ದಲ್ಲ, ಯಾವ ಕಂಪನಿಯದ್ದೂ ಅಲ್ಲ. ಅದನ್ನು ಮಾಡಿಕೊಟ್ಟವಳು ಹಳೆಯ ಗೆಳತಿ, ಇವಳು ಮಿಡತೆ ಎಂದು ಕರೆಯುತ್ತಿದ್ದವಳು. ಸಿಸ್ಟಂ ಬದಲಾದಾಗಲೆಲ್ಲ ಅದು ಮುಗ್ಗರಿಸುತ್ತಿತ್ತು.

ಗ್ರಂಥಪಾಲಕರು ಕನ್ನಡಕದ ಮೇಲಿಂದ ನೋಡಿದರು. "ಎಷ್ಟು ಸಲ ತೇಪೆ ಹಾಕ್ತೀರಮ್ಮ? ಹೊಸದೊಂದು ತರಿಸಿಬಿಡೋಣ."

"ಸಂಜೆವರೆಗೆ ಬಿಡಿ ಸಾರ್."

ಕಂಪ್ಯೂಟರ್ ತರಬೇತಿಯ ದಿನಗಳಲ್ಲಿ ಇಬ್ಬರಿಗೆ ಒಂದೇ ಯಂತ್ರ, ಒಂದೇ ಬೆಂಚು. ಮಿಡತೆ ಕೂತಲ್ಲಿ ಕೂರುತ್ತಿರಲಿಲ್ಲ. ಪರದೆಯಲ್ಲಿ ಏನು ಬಂತೆಂದು ಓದುವ ಮೊದಲೇ ಮುಂದಿನ ಕೀಲಿ ಒತ್ತಿರುತ್ತಿದ್ದಳು. ಇವಳು ಪ್ರತಿ ಸಾಲು ಓದುತ್ತಿದ್ದಳು, ಆದ್ದರಿಂದ ಇವಳು ಆಮೆ. "ಬೇಗ ಓದೇ ಆಮೆ, ನನ್ನ ಮದುವೆ ಆಗಿಹೋಗುತ್ತೆ!" ಎಂದು ಭುಜಕ್ಕೆ ಭುಜ ತಾಗಿಸಿ ನಗುತ್ತಿದ್ದಳು. ಆಗಿಯೇ ಹೋಯಿತು. ಮಿಡತೆ ಗಂಡನ ಜೊತೆ ದೂರದ ಊರಿಗೆ ಹೋದಳು. ಚೀಟಿಯ ಪ್ರೋಗ್ರಾಂ ಹೋಗುವ ಮುಂಚೆ ಇವಳ ಕೈಗಿಟ್ಟ ಉಡುಗೊರೆ.

ಹೋದ ಹೊಸದರಲ್ಲಿ ಇವಳು 'ಹೇಗಿದ್ದೀಯ?' ಎಂದು ಎರಡು ಮೇಲ್ ಕಳಿಸಿದ್ದಳು. ಉತ್ತರವಿಲ್ಲ. ಆಮೇಲೊಮ್ಮೆ ಪ್ರೋಗ್ರಾಂ ಕೆಟ್ಟು ದೂರು ಬರೆದಾಗ ಮಾತ್ರ ಹದಿನೈದೇ ದಿನದಲ್ಲಿ ಸರಿಪಡಿಸಿದ ಪ್ರತಿ ಬಂತು. ಅದರ ಕೆಳಗೆ ಒಂದೇ ಸಾಲು: 'ಇಲ್ಲಿನ ಅಡುಗೆಮನೆಗೆ ಕಿಟಕಿ ಇಲ್ಲ.' ಒಂಬತ್ತು ವರ್ಷಗಳಲ್ಲಿ ಅಂಥ ನಾಲ್ಕು ಸಾಲು ಬಂದಿದ್ದವು. ಕೊನೆಯದು, 'ಎರಡನೆಯದೂ ಹುಡುಗಿ, ನಿನ್ನ ಹಾಗೇ ನಿಧಾನ.' ಬಸ್ಸಿನಲ್ಲಿ, ಬಟ್ಟೆ ಹಿಂಡುವಾಗ, ಅವಳು ಆ ನಾಲ್ಕನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಳು. ಮಿಡತೆಯ ದನಿ ಮರೆತುಹೋಗುತ್ತಿದೆಯೇನೋ ಎಂಬ ಹೆದರಿಕೆ ಈಚೆಗೆ ಶುರುವಾಗಿತ್ತು.

ಹಾಗಾಗಿ ಕಳೆದ ಎರಡು ಸಲವೂ ಅವಳೊಂದು ಕಳ್ಳಾಟ ಆಡಿದ್ದಳು. ತೊಂದರೆ ಎಲ್ಲಿದೆ ಎಂದು ಮಧ್ಯಾಹ್ನದೊಳಗೆ ತಾನೇ ಹಿಡಿದಿದ್ದರೂ, 'ಏನೂ ಗೊತ್ತಾಗುತ್ತಿಲ್ಲ, ನೀನೇ ನೋಡು' ಎಂದು ಬರೆದು, ಉತ್ತರ ಬರುವವರೆಗೆ ಸುಮ್ಮನಿದ್ದಳು.

ಈ ಸಲವೂ ಹುಡುಕಿದಳು. ವೈರಸ್ ಕಾವಲಿನ ಪ್ರೋಗ್ರಾಂ ನಿಲ್ಲಿಸಿ ನೋಡಿದಳು, ಅದಲ್ಲ. ಪ್ರಿಂಟರಿನದ್ದನ್ನು ತೆಗೆದು ನೋಡಿದಳು, ಅದೂ ಅಲ್ಲ. ಸಿಸ್ಟಂ ಬರೆದಿಟ್ಟುಕೊಂಡ ತಪ್ಪುಗಳ ಪಟ್ಟಿಯನ್ನು ಸಾಲು ಸಾಲಾಗಿ ಓದಿದಾಗ ಸಿಕ್ಕಿತು. ಚೀಟಿಯ ಅಳತೆಗಳನ್ನು ಮಿಡತೆಯ ಪ್ರೋಗ್ರಾಂ ತಾನಿರುವ ಫೋಲ್ಡರಿನಲ್ಲೇ ಬರೆದಿಡುತ್ತಿತ್ತು. ಅಲ್ಲಿ ಬರೆಯುವುದಕ್ಕೆ ಹೊಸ ಸಿಸ್ಟಂ ಅನುಮತಿ ಕೊಡುತ್ತಿರಲಿಲ್ಲ. ಇಡೀ ಫೋಲ್ಡರನ್ನು ಬೇರೆ ಜಾಗಕ್ಕೆ ಸಾಗಿಸಿ ಒತ್ತಿದಳು. ತೆರೆದುಕೊಂಡಿತು. ಇನ್ನೂ ಹನ್ನೊಂದು ಗಂಟೆ.

ಯಾರಿಗೂ ಹೇಳಲಿಲ್ಲ. ಅದನ್ನು ಮುಚ್ಚಿ, ಅಭ್ಯಾಸದಂತೆ ದೂರು ಬರೆಯಲು ಕೂತಳು. 'ಮಿಡತೆ, ಮತ್ತೆ ಕೆಟ್ಟಿದೆ. ಏನೂ ಗೊತ್ತಾಗುತ್ತಿಲ್ಲ.' ಎಷ್ಟನೆಯ ಆವೃತ್ತಿ ಎಂದು ಬರೆಯಬೇಕಿತ್ತು. ಅದಿರುವುದು ಪ್ರೋಗ್ರಾಂ ಜೊತೆಗೆ ಮಿಡತೆ ಇಟ್ಟ ಟಿಪ್ಪಣಿಯ ಮೊದಲ ಸಾಲಿನಲ್ಲಿ. ಎಲ್ಲವನ್ನೂ ಓದುವ ಆಮೆ ಇದೊಂದನ್ನು ಯಾವತ್ತೂ ಪೂರ್ತಿ ಓದಿರಲಿಲ್ಲ; ಉತ್ತರದ ಆ ಒಂದು ಸಾಲು ಸಿಕ್ಕರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಇವತ್ತು ಪುಟ ಕೆಳಗೆ ಜಾರಿತು. ಹಿಂದಿನ ಸಲ ಸರಿಪಡಿಸಿದಾಗಿನ ದಿನಚರಿ ಅಲ್ಲಿತ್ತು.

'ಬೆಳಗಿನ ಜಾವ ನಾಲ್ಕು ಹತ್ತು. ಶುರು ಮಾಡಿದೆ.

ನಾಲ್ಕು ಇಪ್ಪತ್ತು. ಮಗು ಎದ್ದಿತು. ನಿಲ್ಲಿಸಿದೆ.

ಮೂರು ದಿನದ ಮೇಲೆ, ಮೂರೂ ಮುಕ್ಕಾಲು. ಅತ್ತೆಗೆ ಜ್ವರ, ಎರಡು ದಿನ ಮುಟ್ಟಿಲ್ಲ. ಎಲ್ಲಿ ಬಿಟ್ಟಿದ್ದೆ ಅಂತಲೇ ಮರೆತಿದೆ.

ನಾಲ್ಕು ಗಂಟೆ. ಆಮೆ ಕಾಯುತ್ತಿರುತ್ತಾಳೆ. ಇವತ್ತಾದರೂ ಮುಗಿಸಬೇಕು.'

ಪುಟದ ಕೊನೆಯವರೆಗೂ ಹೀಗೇ. ಎಣಿಸಿದಳು. ಹತ್ತೊಂಬತ್ತು ಬೆಳಗು. ತಾನು ಅರ್ಧ ದಿನದಲ್ಲಿ ಬಿಡಿಸಿ ಬಚ್ಚಿಟ್ಟಿದ್ದ ಗಂಟಿಗೆ ಹತ್ತೊಂಬತ್ತು ಬೆಳಗು. ಆ ಹೊತ್ತಿನಲ್ಲಿ ಹಾಸಿಗೆ ಬಿಟ್ಟೇಳುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅತ್ತೆ, ಮಾವ, ಗಂಡ, ಮಗು ತಿಂದು ಮಿಕ್ಕಿದ್ದ ಮಿಡತೆಯ ನಿದ್ದೆಗೆ ತಾನೂ ತಟ್ಟೆ ಹಿಡಿದು ಕೂತಿದ್ದಳು.

"ಊಟಕ್ಕೆ ಬರಲ್ವಾ?" ಅಕ್ಕ ಬಾಗಿಲಿಂದ ಕರೆದಳು. "ರೋಗಿ ಹೋಗೇಬಿಟ್ಟನಾ, ಮುಖ ಯಾಕೆ ಹಾಗಿದೆ?"

"ಇಲ್ಲಕ್ಕ, ಚೆನ್ನಾಗೇ ಇದ್ದಾನೆ. ಇವತ್ತಿಂದ ನೀನು ಕೈಯಲ್ಲಿ ಬರೀಬೇಕಿಲ್ಲ. ನೀವು ತಿಂತಿರಿ, ಬಂದೆ."

ಎಲ್ಲರೂ ಹೋದರು. ಓದುವ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಅವಳು ಪರದೆಯ ಮೇಲಿದ್ದ ದೂರನ್ನೇ ನೋಡುತ್ತ ಕೂತಳು. ಇದನ್ನು ಕಳಿಸಿದರೆ ಇನ್ನೊಂದು ಸಾಲು ಖಂಡಿತ ಬರುತ್ತದೆ. ಕಳಿಸದಿದ್ದರೆ? ದೂರಿಲ್ಲದ ಕಾಗದಕ್ಕೆ ಮಿಡತೆ ಇದುವರೆಗೆ ಉತ್ತರ ಬರೆದದ್ದೇ ಇಲ್ಲ.

ದೂರನ್ನು ಅಳಿಸಿದಳು.

'ಮಿಡತೆ, ಸಿಸ್ಟಂ ಬದಲಾಯಿತು. ನಿನ್ನ ಪ್ರೋಗ್ರಾಂ ನಿಂತಿತ್ತು. ಫೋಲ್ಡರ್ ಬೇರೆ ಕಡೆ ಇಟ್ಟೆ, ಸರಿಹೋಯಿತು. ಹಿಂದಿನ ಎರಡು ಸಲವೂ ಕಾರಣ ನನಗೆ ಗೊತ್ತಿತ್ತು ಕಣೇ. ನಿನ್ನ ಕೈಯಿಂದ ಒಂದು ಸಾಲು ಬರಲಿ ಅಂತ ಸುಳ್ಳು ಹೇಳಿದೆ. ಇನ್ನು ಮುಂದೆ ಇದನ್ನು ನಾನೇ ನೋಡಿಕೊಳ್ಳುತ್ತೇನೆ. ನೀನು ಮಲಗು. ಆ ಬೆಂಚು, ನಿನ್ನ ಭುಜ, ನಿನ್ನ ಗಡಿಬಿಡಿ, ಎಲ್ಲ ನೆನಪಾಗುತ್ತದೆ. ಬಿಡುವಾದಾಗ ಉತ್ತರ ಬರೆ.'

ಕೊನೆಯ ವಾಕ್ಯದ ಮುಂದೆ ಬೆರಳು ಬಹಳ ಹೊತ್ತು ನಿಂತಿತು. ಮಿಡತೆಯ ಬಿಡುವು ಯಾವ ಹೊತ್ತಿನದೆಂದು ಈಗ ತಿಳಿದಿತ್ತು. ಅಕ್ಷರ ಅಕ್ಷರವಾಗಿ ಆ ವಾಕ್ಯವನ್ನು ಅಳಿಸಿ, ಉಳಿದದ್ದನ್ನು ಕಳಿಸಿದಳು.