ಒಂದು ವರ್ಷದ ಮಟ್ಟಿಗೆ
ಅಂಗವೈಕಲ್ಯದ ಪ್ರಮಾಣಪತ್ರ ಕೊಡುವ ಸಾಹೇಬರು, ದೇವರು ಪ್ರತ್ಯಕ್ಷನಾದರೂ ಗುರುತಿನ ಚೀಟಿ ಕೇಳುವ ಆಸಾಮಿ. ಅವರ ಕೊಠಡಿ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಬೆನ್ನುಹುರಿ ಮುಚ್ಚಿಕೊಳ್ಳದೆಯೇ ಹುಟ್ಟಿ, ಕಾಲುಗಳ ಸ್ವಾಧೀನವಿಲ್ಲದ ಹುಡುಗಿಯನ್ನು ಅವಳ ತಾಯಿ ಪ್ರತಿವರ್ಷ ಅಲ್ಲಿಗೆ ಎತ್ತಿಕೊಂಡೇ ಬರಬೇಕು. ಸಾಹೇಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಇನ್ನೂ ಹಾಗೇ ಇದೆಯಾ? ಎಲ್ಲಿ, ಕಾಲಿನ ಹೆಬ್ಬೆರಳು ಅಲ್ಲಾಡಿಸು ನೋಡೋಣ," ಎನ್ನುತ್ತಾರೆ. ಅದು ಅಲ್ಲಾಡುವುದಿಲ್ಲ. ಮೊಹರು ಬೀಳುತ್ತದೆ: ಒಂದು ವರ್ಷದ ಮಟ್ಟಿಗೆ. ಈ ಸಲ ತಾಯಿ ಏದುಸಿರು ಬಿಡುತ್ತಾ ಕೇಳಿಯೇಬಿಟ್ಟಳು: "ಹುಟ್ಟಿನಿಂದ ಬಂದದ್ದು ಸಾರ್, ಶಾಶ್ವತ ಅಂತ ಬರೆದುಬಿಡಿ. ಇವಳಿಗೆ ಹನ್ನೊಂದು ತುಂಬ್ತು, ನನ್ನ ಕೈಲಿ ಎತ್ತೋಕಾಗಲ್ಲ." ಸಾಹೇಬರು ಹುಡುಗಿಯ ಹೆಬ್ಬೆರಳನ್ನೇ ನೋಡುತ್ತಾ ಕೂತರು. "ಹಾಗೆ ಬರೆಯೋಕೆ ಕೈ ಬರಲ್ಲಮ್ಮಾ. ಬರೋ ವರ್ಷ ಅಲ್ಲಾಡಿದ್ರೆ?" ಅವರ ಆ ಆಸೆಯನ್ನು ಮೂರು ಮಹಡಿ ಹೊತ್ತು ತರಬೇಕಾದವಳು ಮಾತ್ರ ತಾಯಿ.