ಮೂರನೆಯ ಭಾನುವಾರದ ತಕರಾರು

ಭಕ್ತಿಯಲ್ಲಿ ನಾನು ಬಹುಮಾನ ಗೆದ್ದವನು. ರಾಣೇಬೆನ್ನೂರಿನ ನಮ್ಮ ಚಿಕ್ಕ ಚರ್ಚಿನ ಭಾನುವಾರದ ಶಾಲೆಯಲ್ಲಿ ಬಾಯಿಪಾಠಕ್ಕೆ ಸತತ ಐದು ವರ್ಷ ನಾನೇ ಮೊದಲಿಗ. ಸ್ಟೀಲ್ ಲೋಟ, ಟಿಫಿನ್ ಡಬ್ಬಿ, ಒಮ್ಮೆ ಮುಚ್ಚಳದ ಪಾತೇಲಿ. ನಮ್ಮ ಅಡುಗೆಮನೆಯ ಅರ್ಧ ಪಾತ್ರೆಗಳು ನನ್ನ ಭಕ್ತಿಯಿಂದಲೇ ಬಂದವು. ಹದಿನಾರಕ್ಕೆ ದೃಢೀಕರಣವಾಯಿತು. ಅಂದರೆ, ಸಭೆಯ ಮುಂದೆ ನಿಂತು ಈ ನಂಬಿಕೆ ನನ್ನದೇ ಎಂದು ಒಪ್ಪಿಕೊಂಡು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಸೇರಿಕೊಂಡೆ. ಇಪ್ಪತ್ತಕ್ಕೆ ಆರಾಧನೆಯಲ್ಲಿ ಬೈಬಲಿನ, ನಮ್ಮ ಮಾತಿನಲ್ಲಿ ಸತ್ಯವೇದದ, ಪಾಠ ಓದುವವನಾದೆ. ದನಿ ಚೆನ್ನಾಗಿತ್ತು. ಹುಡುಗ ವಿಶ್ವಾಸದಲ್ಲಿ ಬೆಳೆಯುತ್ತಿದ್ದಾನೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ.

ಜೊತೆಗೇ ಸಿಟ್ಟೂ ಬೆಳೆಯುತ್ತಿತ್ತು. "ಇವಗ ಇವರಜ್ಜನ ಸಿಟ್ಟು ಬಂದೈತಿ ನೋಡ" ಎಂದು ಅತ್ತೆಯರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು. ಸಭೆಯ ಹಿರಿಯರಲ್ಲಿ ಒಬ್ಬರಾಗಿದ್ದವರು. ಮುಂದಿನ ಸಾಲಿನ ಬೆಂಚಿನ ಬೆನ್ನಿಗೆ ಅವರ ಹೆಸರು ಕೆತ್ತಿತ್ತು. ಆಯಿ, ಅಂದರೆ ನನ್ನ ಅಜ್ಜಿ, ಪ್ರತಿ ವಾರ ಅದೇ ಬೆಂಚಿನ ಮೇಲೆ ಕೂರುತ್ತಿದ್ದಳು. ಬೆನ್ನನ್ನು ಮಾತ್ರ ಎಂದೂ ಅದಕ್ಕೆ ಆನಿಸುತ್ತಿರಲಿಲ್ಲ. ಎಂಬತ್ತಾದರೂ ಎಷ್ಟು ನೆಟ್ಟಗೆ ಕೂರುತ್ತಾಳೆ ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳೊಂದಿಗೆ ಮದುವೆ ಗೊತ್ತಾಯಿತು. ಅವಳು ಹಾವೇರಿಯ ಒಂದು ಶಾಲೆಯಲ್ಲಿ ಟೀಚರ್. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಎರಡೂ ಊರಿನ ಚರ್ಚುಗಳಲ್ಲಿ ಪ್ರಕಟಣೆ ಓದುತ್ತಾರೆ: ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಆಕ್ಷೇಪಣೆ ಇದ್ದವರು ತಿಳಿಸಬೇಕು. ಯಾರೂ ತಿಳಿಸುವುದಿಲ್ಲ. ಪಾದ್ರಿಗಳು ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಾರೆ, ಅಷ್ಟರಲ್ಲಿ ಜನ ಮುಂದಿನ ಹಾಡಿಗೆ ಪುಸ್ತಕ ತೆರೆಯುತ್ತಾರೆ.

ಮೂರನೆಯ ಭಾನುವಾರ ಹಾಳೆಗಳು ಸರಿದಾಡುತ್ತಿರುವಾಗಲೇ ಆಯಿ ಎದ್ದು ನಿಂತಳು.

"ನಂದೈತ್ರಿ ತಕರಾರು."

ಮುದುಕಿಗೆ ಮರೆವು ಶುರುವಾಯಿತು ಎಂದುಕೊಂಡೆ. ಪಾದ್ರಿಗಳೂ ಹಾಗೇ ತಿಳಿದಿರಬೇಕು, ನಕ್ಕರು. "ಆಯೀ, ಇದು ನಿಮ್ಮ ಮೊಮ್ಮಗಂದ ಪ್ರಕಟಣಾರಿ."

"ಗೊತ್ತೈತ್ರಿ. ಇವಾ ತಂಗಿಗಿ ಹೊಡದಾನ. ಅಂಗಿ ಇಸ್ತ್ರಿ ಮಾಡುವಾಗ ಕಾಲರ್ ಸುಟ್ಟಳಂತ ಹೊಡದಾನ. ಹೊಡದು, ಅದ ಕೈಲೆ ಇಲ್ಲಿ ಬಂದು ಸತ್ಯವೇದ ಹಿಡದು ಓದ್ಯಾನ. ಬ್ಯಾಡಗಿ ಹುಡುಗಿಗಿ ಇದು ಗೊತ್ತಿಲ್ಲ. ಗೊತ್ತಾಗಲಿ, ಆಮ್ಯಾಲೆ ಮದುವಿ ಮಾಡ್ರಿ."

ಅದು ಖರೆ. ಎರಡು ತಿಂಗಳ ಹಿಂದಿನ ಮಾತು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಹಿರಿಯರೊಬ್ಬರು ಎದ್ದು, "ಮನಿ ಮಾತು ಮನ್ಯಾಗ ಇರಲಿ ಆಯೀ, ಕುಂದ್ರಿ" ಎಂದರು.

"ಮನ್ಯಾಗ ಇಟ್ಟ ನಲವತ್ತ ವರ್ಷ ಹೊಡಸಿಕೊಂಡೇನ್ರಿ" ಎಂದಳು ಆಯಿ. ಬೆಂಚಿನ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಇವರ ಕೈಲೆ."

ನಾನು ಅಪ್ಪನನ್ನು ನೋಡಿದೆ. ಅಪ್ಪ ತಲೆ ತಗ್ಗಿಸಿದ. ಅವನಿಗೆ ಗೊತ್ತಿತ್ತು. ಊರಿಗೇ ಮಾದರಿ ಎಂದು ನಾನು ನಂಬಿದ್ದ ಅಜ್ಜ, ನಾನು ಮೆಚ್ಚಿಕೊಂಡ ಆ ನೆಟ್ಟಗಿನ ಬೆನ್ನು, ಎಲ್ಲ ಒಂದೇ ಸಲಕ್ಕೆ ನನಗೆ ಅರ್ಥವಾಗತೊಡಗಿತು. ಅದಕ್ಕಿಂತ ಹೆದರಿಕೆಯಾದದ್ದು ಇನ್ನೊಂದು. ಕೆಳಗೆ ನೋಡಿದರೆ ನನ್ನ ಬಲಗೈ ಮುಷ್ಟಿ ಕಟ್ಟಿತ್ತು. ದೇವರ ಮನೆಯಲ್ಲಿ, ಎಂಬತ್ತರ ಮುದುಕಿಯ ಮೇಲೆ.

ಇಂಥದ್ದು ಪಾದ್ರಿಗಳ ಓದಿನಲ್ಲೂ ಬಂದಿರಲಿಕ್ಕಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ತಕರಾರನ್ನು ಬರೆದುಕೊಂಡರು. ಆರಾಧನೆ ಮುಗಿದ ಮೇಲೆ ನನ್ನನ್ನು ಕರೆದು, "ಫೋನ್‌ನ್ಯಾಗ ಹೇಳಬ್ಯಾಡ. ನೀನ ಹೋಗಿ ಆ ಹುಡುಗಿ ಮುಂದ ಹೇಳಿ ಬಾ. ಆಕಿ ಏನಂತಾಳ ನೋಡಿ ಮುಂದಿಂದು" ಎಂದರು.

ಮರುದಿನವೇ ಬ್ಯಾಡಗಿಯ ಬಸ್ಸು ಹತ್ತಿದೆ. ಮೆಣಸಿನಕಾಯಿಯ ಸೀಜನ್ನು, ಊರು ಇನ್ನೂ ಒಂದು ಮೈಲಿ ಇರುವಾಗಲೇ ಬಸ್ಸಿನವರೆಲ್ಲ ಸೀನತೊಡಗಿದರು. ಅವಳು ಶಾಲೆಯಿಂದ ಬರುವವರೆಗೆ ಕಾದು, ಅವಳ ಅಪ್ಪ ಅವ್ವನ ಎದುರಿಗೇ ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬಂದರೆ ಖಾರಕ್ಕೆಂದು ಅವರು ತಿಳಿಯಲಿ ಅಂದುಕೊಂಡಿದ್ದೆ, ಆದರೆ ನೀರೂ ಬರಲಿಲ್ಲ.

ಅವಳ ಅಪ್ಪ ಏನೋ ಹೇಳಲು ಹೊರಟರು. ಅವಳು ತಡೆದಳು.

"ತಂಗಿಗಿ ಹೊಡದ ದಿವಸ ಚರ್ಚಿನ್ಯಾಗ ಏನ ಓದಿದ್ರಿ?"

ಬಾಯಿಪಾಠದಲ್ಲಿ ಪಾತೇಲಿ ಗೆದ್ದವನು ನಾನು. ಎಷ್ಟು ತಡಕಾಡಿದರೂ ಅವತ್ತಿನ ಪಾಠದ ಒಂದು ಮಾತೂ ನೆನಪಿಗೆ ಬರಲಿಲ್ಲ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

"ನಿಮ್ಮ ತಂಗಿ ಕೇಳಿರಬೇಕಲ್ರಿ" ಎಂದಳು. "ಆಕಿನ್ನ ಕೇಳಿಕೊಂಡ ಬರ್ರಿ."

ಮನೆಗೆ ಬಂದಾಗ ತಂಗಿ ರೊಟ್ಟಿ ಮಾಡುತ್ತಿದ್ದಳು. ಹೊಡೆದ ಆ ಭಾನುವಾರದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಅವಳು ಮಾತಾಡುತ್ತಿಲ್ಲ ಎಂಬುದೂ ನನಗೆ ಹೊಳೆದಿರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದೆ. ಅವಳು ಹಂಚಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ನೀ ಏನ ಓದಿದ್ಯೋ ನನಗ ಕೇಳಸಲಿಲ್ಲಣ್ಣ. ಎಡಗಿವಿ ಗುಂಯ್ ಅನ್ನಾಕತ್ತಿತ್ತು. ಎರಡ ದಿವಸ ಹಂಗ ಇತ್ತು."

ತಪ್ಪಾಯಿತು ಎಂದೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಆ ಮಾತನ್ನು ಹೊತ್ತುಕೊಂಡು ಮತ್ತೆ ಬ್ಯಾಡಗಿಗೆ ಹೋದೆ. ಅದನ್ನು ಕೇಳಿ ಹುಡುಗಿ ಹೇಳಿದಳು: "ಹಂಗಾರ ನನ್ನ ಕೇಳಬ್ಯಾಡ್ರಿ. ಇನ್ನೊಮ್ಮೆ ಪ್ರಕಟಣಾ ಓದಸ್ರಿ. ನಿಮ್ಮ ತಂಗಿ ಏಳಲಿಲ್ಲಂದ್ರ ನಾ ಮದುವಿಗೆ ತಯಾರದೇನಿ. ಎದ್ದಳಂದ್ರ ಇಲ್ಲ. ಇದನ್ನ ಆಕಿಗೂ ಹೇಳ್ರಿ, ಆದ್ರ ಗೋಗರಿಬ್ಯಾಡ್ರಿ."

ಹೇಳಿದೆ. ತಂಗಿ "ಹೂಂ" ಎಂದಳು, ಅಷ್ಟೇ. ಆ ವಾರ ಪ್ರಾರ್ಥನೆಗೆ ಮೊಣಕಾಲೂರಿದರೆ ಕಲಿತ ಒಂದು ಮಾತೂ ನಾಲಿಗೆಗೆ ಬರಲೊಲ್ಲದು. "ದೇವರೇ, ನಾನು ಹೊಡೆದೆ" ಎಂದೆ. ಮುಂದಕ್ಕೆ ಏನೂ ತೋಚದೆ ಎದ್ದೆ. ಅಲ್ಲಿಯವರೆಗಿನ ನನ್ನ ಪ್ರಾರ್ಥನೆಗಳೆಲ್ಲ ಪಾತ್ರೆ ಗೆಲ್ಲಲು ಮಾಡಿದವು. ನಿಜವಾದದ್ದು ಅಲ್ಲಿಂದ ಶುರುವಾಯಿತು ಎಂದು ಈಗ ಅನಿಸುತ್ತದೆ.

ನಾಲ್ಕನೆಯ ಭಾನುವಾರ ಪಾದ್ರಿಗಳು ಪ್ರಕಟಣೆ ಓದಿ ನಿಲ್ಲಿಸಿದರು. ಯಾರೂ ಹಾಡಿನ ಪುಸ್ತಕ ತೆರೆಯಲಿಲ್ಲ. ಅಜ್ಜನ ಬೆಂಚು ಖಾಲಿ ಇತ್ತು. ಆಯಿ ಹಿಂದಿನ ಸಾಲಿನಲ್ಲಿ ತಂಗಿಯ ಪಕ್ಕ, ಗೋಡೆಗೆ ಬೆನ್ನು ಆನಿಸಿ ಕೂತಿದ್ದಳು. ಇಡೀ ಸಭೆ ತಿರುಗಿ ತಂಗಿಯನ್ನೇ ನೋಡುತ್ತಿತ್ತು. ಅವಳು ಮೊಣಕಾಲ ಮೇಲೆ ಕೈ ಊರಿದಳು. ಎದ್ದಳು ಎಂದೇ ತಿಳಿದೆ.

ಅವಳು ಏಳಲಿಲ್ಲ. ಕ್ಷಮಿಸಿದೆ ಎಂದು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಮದುವೆಯಾಯಿತು, ಮಕ್ಕಳಾದವು. ಸಿಟ್ಟು ಈಗಲೂ ಬರುತ್ತದೆ. ಬಂದಾಗ ಎರಡೂ ಕೈ ಹಿಂದೆ ಕಟ್ಟಿಕೊಂಡು ಆ ಒಂದೇ ಪ್ರಾರ್ಥನೆ ಹೇಳಿಕೊಳ್ಳುತ್ತೇನೆ.

ಅವತ್ತು ಹಾಡು ಶುರುವಾದಾಗ ನನಗೆ ದನಿಯೇ ಹೊರಡಲಿಲ್ಲ. ಪುಸ್ತಕ ಹಿಡಿದು ಸುಮ್ಮನೆ ನಿಂತೆ. ಆಗ ಹಿಂದಿನ ಸಾಲಿನಿಂದ ತಂಗಿ ಹಾಡುವುದು ಕೇಳಿಸಿತು. ಎಂಥ ದನಿ! ಇಪ್ಪತ್ತೆರಡು ವರ್ಷ ಒಂದೇ ಚರ್ಚಿನಲ್ಲಿ ಹಾಡಿದ್ದರೂ ಅವತ್ತೇ ಮೊದಲ ಸಲ ನಾನು ಅದನ್ನು ಕೇಳಿದ್ದು.