ಕಲ್ಯಾಣದುರ್ಗದಲ್ಲಿ ನಾನು ಕೂಗಿದ್ದು

ನಮ್ಮದು ಆಂಧ್ರದ ಗಡಿಯ ಹಿಂದೂಪುರದಲ್ಲಿ ಕನ್ನಡ ಮಾತಾಡುವ ಮಗ್ಗದ ಮನೆ. ಆ ಮನೆಯಿಂದ ಕಾಲೇಜು ಓದಿ ಸರ್ಕಾರಿ ಕಚೇರಿ ಸೇರಿದವನು ನಾನೊಬ್ಬನೇ. ಮಗಳನ್ನು ಚರ್ಚಿನವರ ಶಾಲೆಗೆ ಹಾಕಿದ್ದು ಇಂಗ್ಲಿಷಿನ ಆಸೆಗೆ. ಒಂದನೇ ತರಗತಿ ಮುಗಿಯುವ ಹೊತ್ತಿಗೆ ಅವಳು ಊಟದ ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕೈಜೋಡಿಸತೊಡಗಿದಳು.

"ಆ ಟೀಚರಮ್ಮ ಮಗೀನ ತಲೆಗೆ ಏನೋ ತುಂಬ್ತಾವ್ಳೆ ಕಣಪ್ಪ, ಒಸಿ ನೋಡ್ಕೊ," ಎಂದಳು ನನ್ನಮ್ಮ.

ನೋಡಿಕೊಂಡೆ. ಮಗಳ ಚೀಲ ತಡಕಿದೆ. ಶಾಲೆಯಲ್ಲಿ ಕೊಟ್ಟ ಬಣ್ಣದ ಚಿತ್ರಗಳ ಹಿಂಬದಿ ಓದಿದೆ. ಸಂಜೆ ಮನೆಗೆ ಬಂದರೆ ದಿನವೂ ವಿಚಾರಣೆ: ಇವತ್ತು ಏನು ಹೇಳಿಕೊಟ್ಟರು?

"ಯೇಸಯ್ಯ ಪಾಪಲ ಕೋಸಂ ವಚ್ಚಾಡು," ಎಂದಳು ಒಂದು ದಿನ, ತೆಲುಗಿನಲ್ಲೇ. ಟೀಚರ್ ಹೇಳಿದ್ದು 'ಪಾಪುಲ ಕೋಸಂ', ಪಾಪಿಗಳಿಗಾಗಿ ಬಂದ ಎಂದಿರಬೇಕು. ಇವಳ ಕಿವಿಗೆ ಬಿದ್ದದ್ದು 'ಪಾಪ', ಅಂದರೆ ತೆಲುಗಿನಲ್ಲಿ ಪುಟ್ಟ ಹುಡುಗಿ. ಬೀದಿಯವರೆಲ್ಲ ಇವಳನ್ನು ಪಾಪ ಎಂದೇ ಕರೆಯುತ್ತಿದ್ದರು. ದೇವರು ತನ್ನಂಥವರಿಗೋಸ್ಕರವೇ ಬಂದ ಎಂದು ಖುಷಿಯಾಗಿದ್ದಳು. ನಾನು ತಿದ್ದಲಿಲ್ಲ. ತಪ್ಪಾಗಿ ಕಲಿತದ್ದು ಬೇಗ ಬಿಟ್ಟುಹೋಗುತ್ತದೆ ಎಂದುಕೊಂಡೆ.

ಎಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂದು ಎಲ್ಲೆಡೆ ಗುಲ್ಲು. ನೆಂಟರ ಮದುವೆ ಮುಗಿಸಿಕೊಂಡು ನಾನೂ ಮಗಳೂ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿಗೆ ಬಂದೆವು. ಅವಳನ್ನು ಬೆಂಚಿನ ಮೇಲೆ ಕೂರಿಸಿ ಬಸ್ಸು ಎಷ್ಟು ಹೊತ್ತಿಗೆಂದು ಕೇಳಲು ಕಿಟಕಿಗೆ ಹೋದೆ. ತಿರುಗಿದರೆ ಬೆಂಚು ಖಾಲಿ. ಆಚೆ ಜೀಪುಗಳ ಸಾಲಿನ ಹತ್ತಿರ, ಗೋಣಿಚೀಲ ಹೊತ್ತ ಮುದುಕನೊಬ್ಬ ಅವಳ ಕೈ ಹಿಡಿದು ನಡೆಯುತ್ತಿದ್ದ.

ಮೂವತ್ತು ಹೆಜ್ಜೆ ಇರಬಹುದು. ಹತ್ತಿರ ಹೋಗಿ ಕೇಳಬಹುದಿತ್ತು. ನಾನು ನಿಂತಲ್ಲಿಂದಲೇ ಕೂಗಿದೆ: "ಹಿಡ್ಕೊಳ್ರೋ! ನನ್ ಮಗೂನ ಎತ್ಕೊಂಡೋಯ್ತಾವ್ನೆ!"

ಪ್ಯಾಂಟು ಹಾಕಿಕೊಂಡವನು ಕೂಗಿದ ಮಾತು. ನಿಜವೋ ಸುಳ್ಳೋ ಎಂದು ಯಾರೂ ಕೇಳಲಿಲ್ಲ. ನಾನು ತಲುಪುವಷ್ಟರಲ್ಲಿ ಮುದುಕ ನೆಲದ ಮೇಲಿದ್ದ. ಚೀಲದಿಂದ ಹಳೆ ಬಟ್ಟೆ ಚೆಲ್ಲಿತ್ತು. ಜೀಪಿನ ಡ್ರೈವರೊಬ್ಬ ಜಾಕಿಯ ರಾಡ್ ಎತ್ತಿದ್ದ.

"ಚೆಪ್ಪರಾ! ಇನ್ನೆಷ್ಟು ಮಕ್ಳ ಎತ್ಕೊಂಡೋಗಿದ್ದೀಯ? ಬೊಗಳ್ಲಾ!"

ಮಗಳು ಜನರ ಕಾಲುಗಳ ನಡುವೆ ನುಸುಳಿ ಮುದುಕನ ಮೈಮೇಲೆ ಬಿದ್ದಳು. "ಹೊಡೀಬ್ಯಾಡ್ರಿ! ತಾತಂಗೆ ಕಣ್ಣು ಕಾಣಾಕಿಲ್ಲ. ನಲ್ಲಿ ಎಲ್ಲೈತೆ ಅಂದ, ನಾನೇ ಕರ್ಕೊಂಡ್ ಬಂದೆ!"

ರಾಡ್ ಇಳಿಯಲಿಲ್ಲ. ಅವಳು ಕಣ್ಣು ಮುಚ್ಚಿ ಕೈಜೋಡಿಸಿದಳು. "ಯೇಸಯ್ಯಾ, ನುವ್ವು ಪಾಪಲ ಕೋಸಂ ವಚ್ಚಾವು ಕದಾ. ಈ ತಾತ ಕೂಡಾ ಪಾಪೇ."

"ಇಷ್ಟುದ್ದ ಗಡ್ಡ ಬಿಟ್ಟವ್ನೆ, ಇವ್ನೂ ಪಾಪನೇನಮ್ಮಾ?" ಎಂದರು ಹಿಂದಿನಿಂದ ಯಾರೋ. ಒಬ್ಬ ನಕ್ಕ. ಇನ್ನೊಬ್ಬ ನಕ್ಕ. ಡ್ರೈವರಿಗೂ ನಗು ಬಂತು, ರಾಡ್ ಕೆಳಗಿಳಿಯಿತು.

ಇವತ್ತಿಗೂ ನನ್ನನ್ನು ಬಿಡದಿರುವುದು ಇದು: ನಾನು ಆ ಪದ ತಿದ್ದಿದ್ದರೆ ಅವಳು "ಈ ತಾತ ಕೂಡಾ ಪಾಪಿ" ಎಂದಿರುತ್ತಿದ್ದಳು. ಆ ಗುಂಪಿಗೆ ಅಷ್ಟೇ ಸಾಕಿತ್ತು.

"ತಪ್ಪಾಯ್ತು ತಾತ," ಎಂದೆ ಬಗ್ಗಿ. ನನ್ನ ದನಿ ಕೇಳಿದ್ದೇ ಮುದುಕ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ಮುಖ ಕಾಣದವನಿಗೆ ಕೂಗಿದವನ ದನಿ ಗುರುತು ಸಿಕ್ಕಿತ್ತು. ನಾನು ಹಿಂದೆ ಸರಿದೆ.

ಮಗಳು ಚೆಲ್ಲಿದ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕಿ, ಅವನನ್ನು ಎಬ್ಬಿಸಿ ನಲ್ಲಿಗೆ ಕರೆದೊಯ್ದಳು. ಅವಳ ಭಕ್ತಿಯಲ್ಲಿ ಮೊದಲು ಕೈ ಹಿಡಿಯುವುದು. ವಿಚಾರಣೆ ಎಂಬುದು ಇಲ್ಲವೇ ಇಲ್ಲ. ಅದನ್ನು ನಾನು ಕಂಡೆ, ಆದರೆ ಕಲಿತೆ ಎನ್ನಲಾರೆ. ಮುದುಕ ಒಂದು ಕೈಯಲ್ಲಿ ನೀರು ಹಿಡಿದು ಕುಡಿಯುತ್ತಿದ್ದ. ಅವನ ಇನ್ನೊಂದು ಕೈ ಅವಳ ಭುಜದ ಮೇಲಿತ್ತು. ನನ್ನ ಕಣ್ಣು ಅಷ್ಟು ಹೊತ್ತೂ ಆ ಕೈಯ ಮೇಲೇ ಇತ್ತು.